ಈ ಮಾತು ನಿನ್ನದೇನಾ? ಅಡಿಗರ ಜೊತೆ ಮೂರು ತಿಂಗಳು

ಕಳೆದ ನವೆಂಬರ್‌ನಲ್ಲಿ ನಾನೊಂದು ಸುಳ್ಳು ಹೇಳಿದೆ. ಭಾರೀ ಸುಳ್ಳೇನಲ್ಲ. ಆದ್ರೆ ಅದನ್ನು ಒಪ್ಪಿಕೊಳ್ಳೋಕೆ ಮೂರು ತಿಂಗಳು ಬೇಕಾಯ್ತು. ಆ ಮೂರು ತಿಂಗಳಲ್ಲೇ ಕವಿ ಗೋಪಾಲಕೃಷ್ಣ ಅಡಿಗರನ್ನು ಮೊದಲ ಸಲ ನೆಟ್ಟಗೆ ಓದಿದ್ದು.

ನಡೆದದ್ದಿಷ್ಟು. ಆಫೀಸಿನಲ್ಲಿ ರಾಜ್ಯೋತ್ಸವ. ನಮ್ಮ ಫ್ಲೋರಿನಲ್ಲಿ ಕನ್ನಡ ಸರಾಗವಾಗಿ ಓದೋರು ಬೆರಳೆಣಿಕೆಯಷ್ಟು. ಹಾಗಾಗಿ "ನೀವೊಂದು ಕವನ ಓದ್ಬಿಡಿ" ಅಂತ ನನ್ನ ಹೆಸರು ಬರೆದುಕೊಂಡರು. ನಾನು ಹೂಂ ಅಂದು ಮರೆತೇಬಿಟ್ಟೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇದ್ದಾಗ ನೆನಪಾಯ್ತು. ಒಂದು ಎಐ ಚಾಟ್‌ಬಾಟ್ ತೆರೆದು, ಕನ್ನಡ ನಾಡಿನ ಬಗ್ಗೆ ಹದಿನಾರು ಸಾಲು ಬೇಕು, ಪ್ರಾಸ ಇರಲಿ, ಕಾವೇರಿ ಬರಲಿ, ಸಹ್ಯಾದ್ರಿ ಬರಲಿ ಅಂತ ಟೈಪ್ ಮಾಡಿದೆ. ಹತ್ತು ಸೆಕೆಂಡಿನಲ್ಲಿ ಕವನ ರೆಡಿ. ಪಂಚೆ ಉಟ್ಟು, ಶಾಲು ಹೊದ್ದು, ದನಿ ಏರಿಸಿ ಓದಿದೆ. ಜೋರು ಚಪ್ಪಾಳೆ. ಯಾರೋ ವಿಡಿಯೊ ಮಾಡಿದ್ರು, ನಾನದನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ.

ರಾತ್ರಿ ಸಾಗರದಿಂದ ದೊಡ್ಡಪ್ಪನ ಫೋನು.

"ಚೆನ್ನಾಗಿ ಓದ್ದೆ ತಮ್ಮಾ. ಬರ್ದಿದ್ದು ಯಾರು?"

"ನಾನೇ ದೊಡ್ಡಪ್ಪಾ."

ಯಾಕೆ ಹಾಗಂದೆನೋ ಗೊತ್ತಿಲ್ಲ. ಬಾಯಿಗೆ ಬಂದುಬಿಡ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹೌದಾ? ಒಳ್ಳೇದಾಯ್ತು. ಕಾವೇರಿ ಇದೆ, ಪಂಪ ಇದ್ದಾನೆ, ಗಂಧದ ಮರ ಇದೆ. ಆದ್ರೆ ಅದ್ರಲ್ಲಿ ನೀನೆಲ್ಲೂ ಕಾಣ್ಲಿಲ್ಲ ನೋಡು." ಆಮೇಲೆ ಏನೋ ನೆನಪಾದವರ ಹಾಗೆ, "ಅಡಿಗರದ್ದು 'ನನ್ನ ನುಡಿ' ಅಂತ ಒಂದು ಪದ್ಯ ಇದೆ. ಸಿಕ್ಕಿದ್ರೆ ಓದು" ಅಂದು ಫೋನಿಟ್ಟರು.

ಹಾಡಿನ ಅಡಿಗರು, ಪುಸ್ತಕದ ಅಡಿಗರು

ನನ್ನ ವಯಸ್ಸಿನ ಹೆಚ್ಚಿನವರಿಗೆ ಅಡಿಗರು ಅಂದರೆ 'ಮೋಹನ ಮುರಳಿ'. 1997ರ 'ಅಮೆರಿಕಾ ಅಮೆರಿಕಾ' ಸಿನಿಮಾದಲ್ಲಿ ಬಂದ ಆ ಹಾಡನ್ನು ಕಾಲೇಜಿನ ಎಥ್ನಿಕ್ ಡೇಯಲ್ಲಿ ನಾವೂ ಹಾಡಿದ್ದೆವು. ವಿದೇಶಕ್ಕೆ ಹೋಗೋ ಗೆಳೆಯರನ್ನು ಏರ್‌ಪೋರ್ಟಿಗೆ ಬಿಡೋಕೆ ಹೋದಾಗ ಕಾರಿನಲ್ಲಿ ಹಾಕಿ ಎಲ್ಲರೂ ಸುಮ್ಮನಾಗಿದ್ದೆವು. ಅದು ಅಡಿಗರ ಆರಂಭದ ಕಾಲದ ಕವಿತೆ, ಆಮೇಲೆ ಅವರು ಬರೆದ ರೀತಿಯೇ ಬೇರೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ದೊಡ್ಡಪ್ಪನಿಗೆ ಅಡಿಗರ ಪರಿಚಯ ಇನ್ನೊಂದು ದಾರಿಯಿಂದ. 1964ರಲ್ಲಿ ಸಾಗರದಲ್ಲಿ ಲಾಲ್ ಬಹದ್ದೂರ್ ಕಾಲೇಜು ಶುರುವಾದಾಗ ಅಡಿಗರು ಅಲ್ಲಿಗೆ ಪ್ರಿನ್ಸಿಪಾಲರಾಗಿ ಬಂದರು. ದೊಡ್ಡಪ್ಪ ಅಲ್ಲೇ ಓದಿದವರು. "ಅವತ್ತು ನಮ್ಗೆ ಅವ್ರು ಪ್ರಿನ್ಸಿಪಾಲ್ರು, ಅಷ್ಟೇ. ಎಷ್ಟು ದೊಡ್ಡ ಕವಿ ಅಂತ ಗೊತ್ತಾಗಿದ್ದು ಕಾಲೇಜು ಬಿಟ್ಟು ಪುಸ್ತಕ ಕೊಂಡ ಮೇಲೆ" ಅಂತಾರೆ. ಜೀವನಪೂರ್ತಿ ಅಡಿಕೆ ತೋಟ ನೋಡಿಕೊಂಡ ಮನುಷ್ಯನ ಕಪಾಟಿನಲ್ಲಿ ಇವತ್ತಿಗೂ ಅಡಿಗರ ಪುಸ್ತಕಗಳಿಗೊಂದು ಅರೆ ಇದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೊಗೇರಿ ಗೋಪಾಲಕೃಷ್ಣ ಅಡಿಗರು ಹುಟ್ಟಿದ್ದು 1918ರ ಫೆಬ್ರವರಿ 18ರಂದು, ಕುಂದಾಪುರದ ಕಡೆಯ ಮೊಗೇರಿಯಲ್ಲಿ. ಪಾಠ ಮಾಡಿದ್ದು ಇಂಗ್ಲಿಷು, ಬರೆದದ್ದು ಕನ್ನಡ. ಮೈಸೂರು, ಸಾಗರ, ಉಡುಪಿಗಳಲ್ಲಿ ಕೆಲಸ ಮಾಡಿದರು. 'ಸಾಕ್ಷಿ' ಅನ್ನೋ ಸಾಹಿತ್ಯ ಪತ್ರಿಕೆಯ ಸಂಪಾದಕರಾಗಿದ್ದರು. 'ವರ್ಧಮಾನ' ಸಂಕಲನಕ್ಕೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1992ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ 'ನವ್ಯ' ಅಂತ ಯಾವುದನ್ನು ಕರೀತೀವೋ ಆ ಕಾವ್ಯಮಾರ್ಗಕ್ಕೆ ಇವರೇ ಮುಖ್ಯ ಕವಿ.

ಎಂಟು ವರ್ಷದ ಹುಡುಕಾಟ

'ನನ್ನ ನುಡಿ' ಸಿಕ್ಕಿತು. 1946ರಲ್ಲಿ ಬಂದ ಅವರ ಮೊದಲ ಸಂಕಲನ 'ಭಾವತರಂಗ'ದ ಕವಿತೆ ಅದು. ಸಾಲುಗಳನ್ನು ಇಲ್ಲಿ ಬರೆಯೋದಿಲ್ಲ, ನೀವೇ ಹುಡುಕಿ ಓದಿ. ಅದರ ತಿರುಳು ಇಷ್ಟು: ಬೇರೆಯವರು ಹೇಳಿದ್ದನ್ನೇ, ಬರೆದದ್ದನ್ನೇ ಮತ್ತೆ ಮತ್ತೆ ಬರೆದು ನನಗೆ ಸಾಕಾಗಿದೆ. ನನ್ನ ಒಳಗಿನದನ್ನು ನನ್ನದೇ ಮಾತಿನಲ್ಲಿ ಹೇಳೋ ಶಕ್ತಿ ಬರೋ ತನಕ ನೆಮ್ಮದಿ ಇಲ್ಲ.

ರಾತ್ರಿ ಹನ್ನೊಂದು ಗಂಟೆಗೆ ಮೊಬೈಲ್ ಹಿಡಿದು ಇದನ್ನು ಓದಿದಾಗ ಮುಖ ಬಿಸಿಯಾಯ್ತು. ಎಐ ಹೇಗೆ ಕೆಲಸ ಮಾಡುತ್ತೆ ಅನ್ನೋದು ನನ್ನ ಕ್ಷೇತ್ರದ ವಿಷಯ. ಲಕ್ಷಾಂತರ ಪುಟಗಳಲ್ಲಿ ಜನ ಆಗಲೇ ಬರೆದದ್ದನ್ನು ಕಲಿತು, ಒಂದು ಪದದ ನಂತರ ಯಾವ ಪದ ಬರೋ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕಿ ಅದು ಬರೆಯುತ್ತೆ. ಕನ್ನಡ ನಾಡು ಅಂದ ಕೂಡಲೇ ಕಾವೇರಿ ಬರೋದು ಆ ಲೆಕ್ಕದಿಂದಲೇ. ಬೇರೆಯವರು ಹೇಳಿದ್ದನ್ನೇ ಹೇಳೋದು ಅಡಿಗರಿಗೆ ಸಂಕಟ. ಯಂತ್ರಕ್ಕೆ ಅದೇ ಕೆಲಸ.

ಆದ್ರೆ ಯಂತ್ರವನ್ನೊಂದನ್ನೇ ಬೈದು ಪ್ರಯೋಜನ ಇಲ್ಲ. ನಾನು ಹೈಸ್ಕೂಲಿನಲ್ಲಿ ಬರೆದ ರಾಜ್ಯೋತ್ಸವದ ಭಾಷಣದಲ್ಲೂ ಇದೇ ಕಾವೇರಿ, ಇದೇ ಗಂಧದ ಮರ ಇತ್ತು. ಎಐ ಇಲ್ಲದ ಕಾಲದಲ್ಲೂ ನಾನು ಎರವಲು ಮಾತನ್ನೇ ಆಡ್ತಿದ್ದೆ. ಈಗ ಅದೇ ಕೆಲಸ ಬೇಗ ಆಗ್ತಿದೆ, ಅಷ್ಟೇ.

ಅಡಿಗರ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿಸಿದ ಸಂಗತಿ ಇನ್ನೊಂದು. ನನ್ನ ಮಾತು ಬೇಕು ಅಂತ ಹೇಳೋ ಆ ಕವಿತೆಯಲ್ಲೇ ಹಳೆಯ ಕಾವ್ಯಭಾಷೆಯ ಬಣ್ಣ ಇದೆ. ಅಂದರೆ ರೋಗ ಏನು ಅಂತ ಗೊತ್ತಾಗಿತ್ತು, ಮದ್ದು ಸಿಕ್ಕಿರಲಿಲ್ಲ. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ 'ಕಟ್ಟುವೆವು ನಾವು' ಅಂತ ಉತ್ಸಾಹದಿಂದ ಬರೆದರು. 1952ರ 'ನಡೆದು ಬಂದ ದಾರಿ'ಯ ಹೊತ್ತಿಗೆ ದನಿ ಬದಲಾಗತೊಡಗಿತ್ತು. 1954ರಲ್ಲಿ 'ಚಂಡೆ ಮದ್ದಳೆ' ಬಂತು. ಅಲ್ಲಿ ಅಡಿಗರ ಸ್ವಂತ ದನಿ ಕೇಳಿಸುತ್ತೆ. ಒರಟು, ವ್ಯಂಗ್ಯ, ಸಿಟ್ಟು, ಮನೆಮಾತು, ಸಂತೆಮಾತು ಎಲ್ಲ ಸೇರಿದ ಭಾಷೆ. ಮೊದಲ ಸಂಕಲನದಿಂದ ಇಲ್ಲಿಗೆ ಎಂಟು ವರ್ಷ.

ಆ ಸಂಕಲನದ ಹೆಸರು ನೋಡಿ. ಕೊಳಲೂ ಅಲ್ಲ, ವೀಣೆಯೂ ಅಲ್ಲ. ಚಂಡೆ, ಮದ್ದಳೆ ಯಕ್ಷಗಾನದ ವಾದ್ಯಗಳು, ಅಡಿಗರು ಹುಟ್ಟಿದ ಕರಾವಳಿಯ ಸದ್ದು. ಎಲಿಯಟ್, ಆಡನ್ ಅವರಂಥ ಇಂಗ್ಲಿಷ್ ಕವಿಗಳನ್ನು ಓದಿ ಅರಗಿಸಿಕೊಂಡ ಮನುಷ್ಯ ಹೊಸತನಕ್ಕೆ ಹೆಸರು ಹುಡುಕುವಾಗ ಹೋದದ್ದು ಊರಿನ ಬಯಲಾಟದ ರಂಗಸ್ಥಳಕ್ಕೆ. 'ಮಣ್ಣಿನ ವಾಸನೆ' ಅನ್ನೋದು ಅವರ ಗದ್ಯಬರಹಗಳ ಒಂದು ಪುಸ್ತಕದ ಹೆಸರು. ಹೊರಗಿನಿಂದ ಎಷ್ಟು ಬೇಕಾದರೂ ಕಲಿಯಿರಿ, ಆದರೆ ಬರೆದದ್ದಕ್ಕೆ ಈ ನೆಲದ ವಾಸನೆ ಇರಲಿ. ಅಡಿಗರ ನಿಲುವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಹಳೇ ಕೋಡು, ಹಳೇ ಭೂತ

'ನವ್ಯ' ಅಂದರೆ ಹಳೆಯದನ್ನೆಲ್ಲ ಗುಡಿಸಿ ಹಾಕೋದು ಅಂತ ನಾನು ಅಂದುಕೊಂಡಿದ್ದೆ. 'ಭೂತ' ಕವಿತೆ ಓದಿದ ಮೇಲೆ ಆ ಕಲ್ಪನೆ ಹೋಯ್ತು.

ನಮ್ಮ ಟೀಮಿನಲ್ಲಿ ಹನ್ನೆರಡು ವರ್ಷ ಹಳೆಯ ಒಂದು ಮಾಡ್ಯೂಲ್ ಇದೆ. ಅದನ್ನು ಬರೆದವರು ಯಾರೂ ಈಗ ಇಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎಬ್ಬಿಸಿದರೆ ಹತ್ತರಲ್ಲಿ ಎಂಟು ಸಲ ಕಾರಣ ಅದೇ. ಹೊಸದಾಗಿ ಸೇರಿದವರು ಅದನ್ನು ನೋಡಿ, "ಇದನ್ನೆಲ್ಲ ಕಿತ್ತು ಬಿಸಾಕಿ ಹೊಸದಾಗಿ ಬರೆಯೋಣ" ಅಂತಾರೆ. ನಾನೂ ಅಂದಿದ್ದೆ. ಇನ್ನು ಕೆಲವರು ಅದನ್ನು ಮುಟ್ಟೋಕೇ ಹೆದರುತ್ತಾರೆ. "ನಡೀತಿದೆಯಲ್ಲ, ಬಿಡಿ" ಅಂತ ಕೈಮುಗಿಯುತ್ತಾರೆ.

'ಭೂತ' ಅನ್ನೋ ಪದಕ್ಕೆ ಕನ್ನಡದಲ್ಲಿ ದೆವ್ವ ಅಂತಲೂ ಅರ್ಥ, ಕಳೆದ ಕಾಲ ಅಂತಲೂ ಅರ್ಥ. ಅಡಿಗರು ಎರಡನ್ನೂ ಒಟ್ಟಿಗೆ ಹಿಡೀತಾರೆ. ಅರ್ಥವಾಗದ ಹಿಂದಿನದು ದೆವ್ವದ ಹಾಗೆ ಕಾಡುತ್ತೆ. ಹಾಗಂತ ಅವರು ಅದನ್ನು ಓಡಿಸಿ ಅನ್ನೋದಿಲ್ಲ. ಅಗೆಯಿರಿ ಅಂತಾರೆ. ಅಗೆಯೋಕೆ ಶುರು ಮಾಡಿದಾಗ ಮೊದಲು ಸಿಗೋದು ಬರೀ ಮಣ್ಣು. ಇನ್ನೂ ಆಳಕ್ಕೆ ಹೋದರೆ ಚಿನ್ನದ ಅದಿರು. ಅದಿರು ಸಿಕ್ಕಿತು ಅಂತ ಹಾಗೇ ತಂದು ಪೂಜೆಗೆ ಇಡುವಂತಿಲ್ಲ. ಬೆಂಕಿಗೆ ಹಾಕಿ, ಶುದ್ಧ ಮಾಡಿ, ಬಡಿದು, ನಮ್ಮ ಇಷ್ಟದೇವತೆಯ ಆಕಾರಕ್ಕೆ ತರಬೇಕು. ಅದು ಕಸುಬು, ಕಲಿಯಬೇಕಾದ ವಿದ್ಯೆ.

ಪರಂಪರೆಯ ಬಗ್ಗೆ ದಿನಾ ನಡೆಯೋ ಜಗಳಗಳಲ್ಲಿ ಎರಡೇ ಪಕ್ಷ ಕಾಣುತ್ತೆ. ಎಲ್ಲ ಬಿಸಾಕಿ ಅನ್ನೋರು, ಎಲ್ಲಕ್ಕೂ ಕೈಮುಗಿಯಿರಿ ಅನ್ನೋರು. ಅಡಿಗರದ್ದು ಮೂರನೇ ದಾರಿ, ಅದರಲ್ಲಿ ಬೆವರು ಸುರಿಸಬೇಕು. ಅವರು ಸ್ವತಃ ಹಾಗೇ ಮಾಡಿದರು. ಹಳೆಯ ಛಂದಸ್ಸನ್ನು ಪೂರ್ತಿ ಕೈಬಿಡದೆ, ಅದರ ಮಾತ್ರೆಗಳ ನಡಿಗೆಯ ಮೇಲೇ ಆಡುಮಾತನ್ನು ಕೂರಿಸಿದರು. ಗಟ್ಟಿಯಾಗಿ ಓದಿದರೆ ಅದು ಕಿವಿಗೆ ಗೊತ್ತಾಗುತ್ತೆ.

ಹುತ್ತ ಬೆಳೆಯೋ ತನಕ

ಡಿಸೆಂಬರ್‌ನಲ್ಲಿ ದೊಡ್ಡಪ್ಪ ಮತ್ತೆ ಫೋನ್ ಮಾಡಿದರು. ಈ ಸಲ ಕೆಲಸ ಹಚ್ಚೋಕೆ.

ದೊಡ್ಡಮ್ಮ ತೀರಿಕೊಂಡು ಫೆಬ್ರವರಿಗೆ ಒಂದು ವರ್ಷ. ವರ್ಷಾಂತಿಕಕ್ಕೆ ಒಂದು ಸಣ್ಣ ನೆನಪಿನ ಪುಸ್ತಕ ಮಾಡೋಣ ಅಂತ ಅವರಿಗೆ ಮನಸ್ಸಾಗಿತ್ತು. "ಮನೆಯೋರೆಲ್ಲ ಒಂದೊಂದು ಪುಟ ಬರೀರಿ. ನೀನು ಹೆಂಗೂ ಕವಿ ಆಗಿದೀಯಲ್ಲ, ನೀನೂ ಬರಿ."

ಆ ಕೊನೆಯ ಮಾತು ನಗುತ್ತಲೇ ಹೇಳಿದ್ದು. ನನಗೆ ಚುಚ್ಚಿತು.

ನಾಚಿಕೆಗೇಡಿನ ವಿಷಯ, ಆದ್ರೂ ಹೇಳ್ತೀನಿ. ಮೊದಲು ಮಾಡಿದ ಕೆಲಸ ಚಾಟ್‌ಬಾಟ್ ತೆರೆದದ್ದು. "ದೊಡ್ಡಮ್ಮನ ನೆನಪು, ಮಲೆನಾಡು, ಭಾವುಕವಾಗಿರಲಿ." ಬಂತು. ಮಮತೆಯ ಮಡಿಲು, ತ್ಯಾಗದ ಮೂರ್ತಿ, ಆರದ ದೀಪ. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಓದಿ ಮುಗಿಸಿದಾಗ ಅನ್ನಿಸಿದ್ದು, ಇದು ಯಾರ ದೊಡ್ಡಮ್ಮನಾದರೂ ಆಗಬಹುದು. ಬೀದರ್‌ನವರ ದೊಡ್ಡಮ್ಮ, ಮಡಿಕೇರಿಯವರ ದೊಡ್ಡಮ್ಮ. ನನ್ನ ದೊಡ್ಡಮ್ಮ ಮಾತ್ರ ಅಲ್ಲ. ಡಿಲೀಟ್ ಮಾಡಿದೆ.

ನಮ್ಮ ವೃತ್ತಿಯಲ್ಲಿ ಎರವಲು ತರೋದು ತಪ್ಪಲ್ಲ, ಜಾಣತನ. ಒಳ್ಳೆಯ ಲೈಬ್ರರಿ ಇರುವಾಗ ಅದನ್ನು ಬಿಟ್ಟು ಎಲ್ಲ ತಾನೇ ಬರೆಯೋನನ್ನು ದಡ್ಡ ಅಂತೀವಿ. ಕೋಡು ಯಾರು ಬರೆದರೇನು, ಕೆಲಸ ಮಾಡಿದರಾಯ್ತು. ಸತ್ತವರ ಬಗ್ಗೆ ಆಡೋ ಮಾತು ಹಾಗಲ್ಲ. ಅದನ್ನು ಆಡೋನು ಯಾರು ಅನ್ನೋದರಲ್ಲೇ ಅದರ ಬೆಲೆ ಇದೆ. ಇಷ್ಟು ಸರಳ ವ್ಯತ್ಯಾಸ ತಿಳಿಯೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು.

ಆ ದಿನಗಳಲ್ಲೇ 'ಶ್ರೀರಾಮನವಮಿಯ ದಿವಸ' ಓದಿದ್ದು. ಪಾನಕ, ಕೋಸಂಬರಿಯ ಹಬ್ಬದಿಂದ ಶುರುವಾಗೋ ಆ ಕವಿತೆ ಎಲ್ಲೆಲ್ಲೋ ಸುತ್ತಿ ಕೊನೆಗೆ ವಾಲ್ಮೀಕಿಯ ಹತ್ತಿರ ಬಂದು ನಿಲ್ಲುತ್ತೆ. ವಾಲ್ಮೀಕಿ ಅಂದರೆ ಹುತ್ತದಿಂದ ಎದ್ದು ಬಂದವನು. ಮನಸ್ಸಿನ ಸುತ್ತ ಹುತ್ತ ಬೆಳೆಯೋವಷ್ಟು ಕಾಲ ಒಂದರಲ್ಲೇ ಕೂರದೆ ಅಂಥ ರಾಮನ ರೂಪವನ್ನು ಮತ್ತೆ ಕೆತ್ತೋದು ಆಗುತ್ತಾ ಅನ್ನೋದು ಅಡಿಗರ ಪ್ರಶ್ನೆ. ಕಲೆಯ ಬಗ್ಗೆ ಅವರ ನಂಬಿಕೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಕವಿತೆಯನ್ನೇ ತೋರಿಸ್ತೀನಿ. ಸ್ಫೂರ್ತಿ ಬಂತು, ಬರೆದೆ ಅನ್ನೋ ಮಾತಿಗೆ ಅಲ್ಲಿ ಜಾಗ ಇಲ್ಲ. ಕೂರಬೇಕು, ಕಾಯಬೇಕು, ಗೆದ್ದಲು ಕಟ್ಟಿದರೂ ಏಳಬಾರದು.

ಎರಡು ವಾರಕ್ಕೊಂದು ಸ್ಪ್ರಿಂಟ್, ದಿನಾ ಬೆಳಗ್ಗೆ ಸ್ಟ್ಯಾಂಡಪ್, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ. ಹೀಗೆ ಬದುಕೋ ನನಗೆ ಹುತ್ತ ಅನ್ನೋದು ಬೇರೆ ಗ್ರಹದ ಮಾತು. ಆದ್ರೂ ಚಾಟ್‌ಬಾಟ್ ಮುಚ್ಚಿ ಒಂದು ನೋಟ್‌ಬುಕ್ ತಗೊಂಡೆ. ಮೊದಲ ವಾರ ಒಂದು ಸಾಲೂ ಬರಲಿಲ್ಲ.

ಕವಿ ಯಾರ ಕಡೆ?

ಇಲ್ಲೊಂದು ಮುಳ್ಳಿನ ವಿಷಯ ಇದೆ. ಅದನ್ನು ಬಿಟ್ಟು ಅಡಿಗರ ಬಗ್ಗೆ ಬರೆದರೆ ಅದೂ ಒಂದು ಸುಳ್ಳೇ.

ಅಡಿಗರು ಬರೀ ಒಳಮನಸ್ಸಿನ ಕವಿ ಅಲ್ಲ. ಸಮಾಜ, ರಾಜಕೀಯ ಎರಡೂ ಅವರ ಕಾವ್ಯದಲ್ಲಿ ದಟ್ಟವಾಗಿವೆ. ನಾಡು ಕಟ್ಟುತ್ತೇವೆ ಅಂದ ಕವಿಯೇ ಕೆಲವು ವರ್ಷಗಳಲ್ಲಿ 'ಗೊಂದಲಪುರ' ಅನ್ನೋ ಹೆಸರಿಟ್ಟು ಬರೆದರು. ಇಡೀ ದೇಶ ನೆಹರೂ ಅವರನ್ನು ಮೆಚ್ಚಿಕೊಂಡಿದ್ದ ಕಾಲದಲ್ಲಿ 'ನೆಹರೂ ನಿವೃತ್ತರಾಗುವುದಿಲ್ಲ' ಅಂತ ಕವಿತೆ ಬರೆದರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅದರ ವಿರುದ್ಧವೂ ಬರೆದರು. 'ಪ್ರಾರ್ಥನೆ' ಅನ್ನೋ ಕವಿತೆಯಲ್ಲಂತೂ ದೇವರನ್ನೂ ಹೊಗಳಿ ಉಬ್ಬಿಸೋಕೆ ಅವರು ತಯಾರಿಲ್ಲ. ಬಹುಪರಾಕು ಹೇಳಿ ಏನನ್ನೋ ಗಿಟ್ಟಿಸಿಕೊಳ್ಳೋ ಚಾಳಿಯನ್ನೇ ಅಲ್ಲಿ ಗೇಲಿ ಮಾಡ್ತಾರೆ. ಅಪ್ರೈಸಲ್ ಹತ್ತಿರ ಬಂದಾಗ ಮ್ಯಾನೇಜರ್‌ನ ಪೋಸ್ಟಿಗೆಲ್ಲ ಲೈಕ್ ಒತ್ತೋ ನಮ್ಮಂಥವರು ಅದನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು.

ಆದರೆ ಅದೇ ಅಡಿಗರು 1971ರ ಲೋಕಸಭಾ ಚುನಾವಣೆಯಲ್ಲಿ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ನಿಂತು ಸೋತರು. ಅವರನ್ನು ಗುರುವಿನಂತೆ ಕಂಡ ಯು.ಆರ್. ಅನಂತಮೂರ್ತಿ ಸಮಾಜವಾದಿ. ಅವರಿಗೆ ಅಡಿಗರ ರಾಜಕೀಯ ಒಪ್ಪಿಗೆ ಇರಲಿಲ್ಲ, ಕಾವ್ಯದ ಮೇಲಿನ ಗೌರವ ಮಾತ್ರ ಹೋಗಲಿಲ್ಲ. ದೊಡ್ಡಪ್ಪನದ್ದೂ ಹೆಚ್ಚುಕಮ್ಮಿ ಅದೇ ಕಥೆ. "ಎಲೆಕ್ಷನ್ನಿಗೆ ನಿಂತಾಗ ನಂಗೆ ಬೇಜಾರಾಗಿತ್ತು. ಆ ಸಿಟ್ಟಿಗೆ ಪುಸ್ತಕ ಬಿಸಾಕಕ್ಕಾಗುತ್ತಾ?" ಅಂತ ಕೇಳಿದರು. ಯಾರೋ ಒಬ್ಬರ ಒಂದು ಪೋಸ್ಟ್ ಇಷ್ಟ ಆಗಲಿಲ್ಲ ಅಂತ ಅನ್‌ಫಾಲೋ ಮಾಡಿದ ಬೆರಳು ನನ್ನದು. ಉತ್ತರ ಕೊಡೋಕೆ ಆಗಲಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. 1979ರಲ್ಲಿ ಧರ್ಮಸ್ಥಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಅಧ್ಯಕ್ಷರು ಅಡಿಗರು. ದಲಿತ ಸಾಹಿತ್ಯಕ್ಕೆ ಅಲ್ಲೊಂದು ಪ್ರತ್ಯೇಕ ಗೋಷ್ಠಿ ಬೇಕು ಅನ್ನೋ ಬೇಡಿಕೆಯನ್ನು ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಅದರ ಪ್ರತಿಭಟನೆಯಾಗಿ ಅದೇ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ನವ್ಯದವರು ತಮ್ಮ ಒಳಗಿನ ತಳಮಳವನ್ನೇ ದೊಡ್ಡದು ಮಾಡಿದರು, ಹಸಿವು, ಜಾತಿ, ಅವಮಾನ ಅವರ ಕಣ್ಣಿಗೆ ಬೀಳಲಿಲ್ಲ ಅನ್ನೋದು ಬಂಡಾಯದವರ ಆರೋಪ. ಕವಿತೆ ಕತ್ತಿಯ ಕೆಲಸ ಮಾಡಬೇಕು ಅಂದರು ಅವರು.

ಈ ಆರೋಪದಲ್ಲಿ ಸತ್ಯ ಇದೆ ಅಂತ ನನಗನ್ನಿಸುತ್ತೆ. ಇಷ್ಟದೇವತೆಯ ವಿಗ್ರಹಕ್ಕೆ ಚಿನ್ನ ಅಗೆಯೋ ಕವಿಯ ಪ್ರತಿಮೆ ಚೆಂದವೇ. ಆದರೆ ಆ ಗುಡಿಯೊಳಗೆ ಯಾರಿಗೆ ಪ್ರವೇಶ ಇತ್ತು, ಯಾರಿಗೆ ಇರಲಿಲ್ಲ ಅಂತಲೂ ಕೇಳಬೇಕಲ್ಲ. ಹಾಗಾಗಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ತಂದು ಓದಿದೆ. 1975ರ ಸಂಕಲನ. ಓದುತ್ತಾ ಒಂದು ವಿಚಿತ್ರ ಹೊಳೆಯಿತು. ತನ್ನ ಅನುಭವವನ್ನು ತನ್ನದೇ ಮಾತಿನಲ್ಲಿ ಹೇಳಬೇಕು ಅಂತ 1946ರಲ್ಲಿ ಅಡಿಗರು ಬಯಸಿದ್ದು ಇಲ್ಲಿ ಬೇರೆ ರೀತಿಯಲ್ಲಿ ಆಗಿದೆ. ನವ್ಯವನ್ನು ಎದುರು ಹಾಕಿಕೊಂಡವರ ಕೈಯಲ್ಲೇ 'ನನ್ನ ನುಡಿ'ಯ ಆಸೆ ಇನ್ನಷ್ಟು ದೂರ ಹೋಯ್ತು. ಇದನ್ನು ಅಡಿಗರು ಒಪ್ಪುತ್ತಿದ್ದರೋ ಇಲ್ಲವೋ, ನನ್ನ ಓದು ಇದು.

ಮೆಟ್ಟುಗತ್ತಿಯ ಮುಂದೆ

ನೋಟ್‌ಬುಕ್ಕಿನ ವಿಷಯಕ್ಕೆ ಬರ್ತೀನಿ. ಎರಡನೇ ವಾರ ಒಂದು ನೆನಪು ಬಂತು. ಬರೀಬಾರದು ಅಂತ ಅದನ್ನು ದೂಡ್ತಾನೇ ಇದ್ದೆ, ಯಾಕಂದ್ರೆ ಅದರಲ್ಲಿ ನನ್ನ ಮರ್ಯಾದೆ ಹೋಗುತ್ತೆ.

ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿ ನನ್ನದು ಎಂ-ತ್ರೀ ಬ್ಯಾಕ್ ಆಯ್ತು. ಓದಿದವರಿಗೆ ಗೊತ್ತು, ಅದು ಗಣಿತದ ಪೇಪರ್ರು. ಅಪ್ಪನಿಗೆ ಹೇಳೋ ಧೈರ್ಯ ಇಲ್ಲದೆ, ನಾಲ್ಕು ದಿನ ರಜೆ ಅಂತ ಸುಳ್ಳು ಹೇಳಿ ಸಾಗರಕ್ಕೆ ಹೋದೆ. ಅಡಿಕೆ ಕೊಯ್ಲಿನ ಕೊನೆಯ ದಿನಗಳು. ದೊಡ್ಡಮ್ಮ ಏನೂ ಕೇಳಲಿಲ್ಲ. ರಾತ್ರಿ ಊಟ ಆದ ಮೇಲೆ ಒಂದು ಮೆಟ್ಟುಗತ್ತಿ ತಂದು ನನ್ನ ಮುಂದಿಟ್ಟು "ಸುಲಿ" ಅಂದರು. ಮೂರು ರಾತ್ರಿ ಇಬ್ಬರೂ ಎದುರು ಬದುರು ಕೂತು ಅಡಿಕೆ ಸುಲಿದೆವು. ನನ್ನ ಬುಟ್ಟಿ ತುಂಬೋ ಹೊತ್ತಿಗೆ ಅವರದ್ದು ನಾಲ್ಕು ಬುಟ್ಟಿ. ಮಾತು ಅಂದರೆ ದನ, ಮಳೆ, ಪಕ್ಕದ ಮನೆಯ ಮದುವೆ.

ನಾಲ್ಕನೇ ರಾತ್ರಿ, ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು: "ನಿಮ್ಮಪ್ಪಂಗೆ ನಾನು ಹೇಳ್ಲೋ, ನೀನೇ ಹೇಳ್ತೀಯೋ?"

ನಾನು ಫೇಲಾದದ್ದು ಅವರಿಗೆ ಹೇಗೆ ಗೊತ್ತಾಯ್ತು ಅಂತ ಕೊನೆಗೂ ಕೇಳಲಿಲ್ಲ. ಮರುದಿನ ನಾನೇ ಅಪ್ಪನಿಗೆ ಫೋನ್ ಮಾಡಿದೆ.

ಇಷ್ಟನ್ನು ಬರೆಯೋಕೆ ಮೂರು ವಾರ ಹಿಡೀತು. ಹನ್ನೊಂದು ಸಾಲಾಯ್ತು. ಅದು ಕವಿತೆ ಅಲ್ಲ, ಕವಿತೆ ಅಂತ ಕರೆಯೋ ಧೈರ್ಯವೂ ನನಗಿಲ್ಲ. ಬರೆದು ಗಟ್ಟಿಯಾಗಿ ಓದ್ತಿದ್ದೆ. ಬಾಯಿಗೆ ಬಾರದ ಪದ ಹೊಡೆದು ಹಾಕ್ತಿದ್ದೆ. ಇದು ಯಾರ ಮಾತು, ನನ್ನದೇನಾ ಅಂತ ಕೇಳಿಕೊಳ್ತಿದ್ದೆ. ತೊಂಬತ್ತು ಭಾಗ ಅಲ್ಲ ಅಂತಲೇ ಉತ್ತರ. ಎಲ್ಲೋ ಕೇಳಿದ ಹಾಡಿನ ಪದ, ಯಾವುದೋ ಭಾಷಣದ ಪದ, ಸಿನಿಮಾದ ಪದ. ಅಡಿಗರಂಥವರಿಗೇ ಎಂಟು ವರ್ಷ ಯಾಕೆ ಬೇಕಾಯ್ತು ಅಂತ ಸ್ವಲ್ಪ ಅರ್ಥವಾಯ್ತು.

ಫೆಬ್ರವರಿ ಮೊದಲ ವಾರ ಸಾಗರಕ್ಕೆ ಹೋಗಿ ದೊಡ್ಡಪ್ಪನ ಕೈಗೆ ಆ ಹಾಳೆ ಕೊಟ್ಟೆ. ಕೊಡೋ ಮುಂಚೆ ಹೇಳಿದೆ. "ದೊಡ್ಡಪ್ಪಾ, ರಾಜ್ಯೋತ್ಸವದ್ದು ನಾನು ಬರ್ದಿದ್ದಲ್ಲ. ಕಂಪ್ಯೂಟರ್ ಬರ್ದಿದ್ದು."

"ಅವತ್ತೇ ಗೊತ್ತಿತ್ತು ಮಾರಾಯ" ಅಂದರು. ನಗಲೂ ಇಲ್ಲ, ಬೈಯಲೂ ಇಲ್ಲ. ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಹೋಗಿ ಕೂತರು. ಎರಡು ಸಲ ಓದಿದರು. ಮೆಟ್ಟುಗತ್ತಿಯ ಸಾಲಿಗೆ ಬಂದಾಗ ಹಾಳೆ ಸ್ವಲ್ಪ ದೂರ ಹಿಡಿದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಏಳನೇ ಸಾಲಿನಲ್ಲಿ ಒಂದೇ ಒಂದು ಪದದ ಮೇಲೆ ಗೀಟು ಎಳೆದರು.

ಆ ಪದ 'ಮಮತಾಮಯಿ'. ಅಷ್ಟು ಸೋಸಿದ ಮೇಲೂ ಹೇಗೋ ಉಳಿದುಬಿಟ್ಟಿತ್ತು.

"ಇದೊಂದು ನಿಂದಲ್ಲ" ಅಂದರು. "ಉಳಿದದ್ದು ಇರ್ಲಿ."

ಪುಸ್ತಕ ಅಚ್ಚಾಗಿ ಬಂತು. ನಲವತ್ತು ಪ್ರತಿ, ಮನೆಯವರಿಗೆ ಮಾತ್ರ. ನನ್ನ ಪುಟದಲ್ಲಿ ಹನ್ನೊಂದು ಸಾಲು, ಒಂದು ಪದ ಕಮ್ಮಿ. ಮುಂದಿನ ನವೆಂಬರ್‌ಗೆ ಆಫೀಸಿನಲ್ಲಿ ಮತ್ತೆ ನನ್ನ ಹೆಸರೇ ಬರೆದುಕೊಂಡಿದ್ದಾರೆ. ಕಾವೇರಿ ಬರೋದಿಲ್ಲ ಅಂತ ಈಗಲೇ ಹೇಳಿದ್ದೀನಿ. ನಾನು ಸ್ನಾನ ಮಾಡಿ ಬೆಳೆದದ್ದು ಶರಾವತಿ ನೀರಲ್ಲಿ. ಅದರ ಬಗ್ಗೆ ಹೇಳೋಕೆ ನನ್ನ ಹತ್ತಿರ ಏನಾದರೂ ಇದೆಯಾ ಅಂತ ನೋಡ್ತಿದ್ದೀನಿ. ಇಲ್ಲದಿದ್ದರೆ, ಕೆಳಗೆ ಅವರ ಹೆಸರು ಹೇಳಿ, ಅಡಿಗರದ್ದೇ ಒಂದು ಕವಿತೆ ಓದಿ ಬರ್ತೀನಿ.